ಅಟ್ಲಾಸಿನಲ್ಲಿ ಕುಂಕುಮ

ಮೈಸೂರು, ಜನವರಿ ೧೯೬೨

ಅಪ್ಪ,

ಈ ಪತ್ರವನ್ನು ಈ ವರ್ಷವೂ ಬರೆಯದೆ ಬಿಡುವುದರಲ್ಲಿದ್ದೆ. ರಷ್ಯದವರು ಸ್ಟಾಲಿನ್‌ಗ್ರಾಡಿನ ಹೆಸರನ್ನು ವೋಲ್ಗೊಗ್ರಾಡ್ ಎಂದು ಬದಲಿಸಿದ್ದಾರೆ. ಇಂದು ತರಗತಿಯಲ್ಲಿ ನಮ್ಮ ಮನೆಯ ಹಳೆಯ ಅಟ್ಲಾಸಿಗೆ ಹೊಸ ಹೆಸರಿನ ಚೀಟಿ ಅಂಟಿಸುತ್ತಿದ್ದೆ.

"ಮಿಸ್, ಈ ಊರಿಗ್ಯಾಕೆ ಕುಂಕುಮ ಇಟ್ಟವ್ರೆ?" ಎಂದಳು ಒಬ್ಬಳು.

ಇಪ್ಪತ್ತು ವರ್ಷದ ಹಿಂದೆ ಜರ್ಮನರು ಆ ಊರನ್ನು ಮುತ್ತಿದ್ದಾಗ ನಾನು ಇಂಗ್ಲಿಷ್ ಪೇಪರು ಓದಿ ಹೇಳುತ್ತಿದ್ದೆ, ನೀವು ದಿನವೂ ಅಲ್ಲಿ ಬೊಟ್ಟಿಡುತ್ತಿದ್ದಿರಿ. "ಆ ಊರು ಬೀಳ್ದಿದ್ರೆ ನಮ್ ಚೆಲುವರಾಜೂ ದಂಡಿನಿಂದ ಬತ್ತಾನೆ ಕಣಮ್ಮ."

ಊರು ಉಳಿಯಿತು. ಅದೇ ವಾರ ಚೆಲುವರಾಜುವಿನ ದಂಡಿನಿಂದ ಬಂದ ತಂತಿಯನ್ನೂ ನಾನೇ ಓದಿದೆ: "ತಮ್ಮ ಆಸ್ಪತ್ರೇಲಿದ್ದಾನಂತೆ, ಹುಷಾರಾಗಿದ್ದಾನಂತೆ." ತಂತಿಯಲ್ಲಿ ಹಾಗಿರಲಿಲ್ಲ. ಮಗನಿಗೆ ಎಳ್ಳುನೀರು ಬಿಡದೆ, ಬಾಗಿಲು ನೋಡುತ್ತಲೇ ನೀವು ಹೋದಿರಿ. ಅದು ಕರುಣೆಯೋ ಹೇಡಿತನವೋ, ಯಾರನ್ನು ಕೇಳಲಿ?

ನಿಮ್ಮ ಕುಂಕುಮ ಮುಚ್ಚಬಾರದೆಂದು ಚೀಟಿಯನ್ನು ಕಿತ್ತುಬಿಟ್ಟೆ. ಆ ಊರು ಉಳಿದ ದಿನ, ಫೆಬ್ರವರಿ ಎರಡರಂದು, ಇದನ್ನು ವಿಳಾಸ ಬರೆಯದೆಯೇ ಅಂಚೆಗೆ ಹಾಕುತ್ತೇನೆ.