ಸೀತನಿಗೆ ಹೋದ ವಾರ

೭ ಜನವರಿ ೧೯೫೦, ಶನಿವಾರ

ಮತ್ತೆ ತಡವಾಗಿ ಎದ್ದೆ. ಸ್ನಾನ ಹೊಳೆಯಲ್ಲಿ. ಕೃಷ್ಣೆ ಈ ಹೊಲವನ್ನು ಮೂರು ಕಡೆ ಸುತ್ತಿಕೊಂಡಿದ್ದಾಳೆ. ಎತ್ತ ನೋಡಿದರೂ ನೀರು, ಬಂಡೆ, ಬಿಳಿಜೋಳ. ಬಸವಂತರಾಯ ಹಸಿ ತೆನೆಗಳನ್ನು ಕುಳ್ಳಿನ ಕೆಂಡದಲ್ಲಿ ಸುಟ್ಟು, ಅಂಗೈಯಲ್ಲಿ ತಿಕ್ಕಿ ಕೊಡುತ್ತಾನೆ. ಬಿಸಿ ಸೀತನಿ, ಶೇಂಗಾ ಹಿಂಡಿ, ಮೊಸರು. ಅವನ ಹೆಂಡತಿ ಮಲಕಮ್ಮ ನಕ್ಕಳು: "ಮಾಸ್ತರ್ರ ಹೊಟ್ಟಿ ಇಷ್ಟ ಏನ್ರಿ? ನಮ್ಮ ಕುರಿಮರಿ ಇದಕ್ಕಿಂತ ಹೆಚ್ಚ ತಿಂತಾವ."

ಇನ್ನೊಂದು ಹಿಡಿ ಹಾಕಿಸಿಕೊಂಡೆ. ಹೊಲ ಯಾರದೆಂದು ಗೊತ್ತಿದ್ದೇ.

೮, ರವಿವಾರ

ಕುಬ್ರಾಬೇಗಂ ಅವರದು. ರಂಗಂಪೇಟೆಯಲ್ಲಿ ನಮ್ಮ ಗೋಡೆಯಾಚೆಯ ವಿಧವೆ. ಪೊಲೀಸ್ ಆ್ಯಕ್ಷನ್ ಆದಮೇಲೆ ಪಾಕಿಸ್ತಾನಕ್ಕೆ ಹೋದರೆಂದು ಯಾರೋ ಬರೆದುಕೊಟ್ಟರು. ಸರ್ಕಾರ ಹೊಲ ಹಿಡಿಯಿತು. ಬಸವಂತರಾಯನಿಗೆ ಲಾವಣಿಗೆ, ವರ್ಷದ ಗುತ್ತಿಗೆಗೆ, ಕೊಟ್ಟಿತು. ಅವರು ಎಲ್ಲೂ ಹೋಗಿರಲಿಲ್ಲ. ದಿನವೂ ಕಂಡಿದ್ದೇನೆ.

ಹೊಲ ಮರಳಿ ಕೊಡಿರೆಂಬ ಅವರ ಅರ್ಜಿಗೆ ಮಂಗಳವಾರ ವಿಚಾರಣೆ. ಸಾಕ್ಷಿ ನಾನೊಬ್ಬನೇ. ಶಾಲೆಯಲ್ಲಿ ಒಬ್ಬ ಕೇಳಿದ್ದ: "ಸಾಬರ ಕಡಿಂದ ಸಾಕ್ಷಿ ಹೇಳ್ತೀರೇನ್ರಿ?" ನಕ್ಕೆ. ಮರುದಿನ ರಜೆ ಹಾಕಿ ಇಲ್ಲಿಗೆ ಬಂದೆ. ತಾರೀಖು ಮರೆತಿತ್ತು ಎಂದು ಬರೆಯಬಹುದು, ಓದುವವರಿಲ್ಲ... ಮರೆತಿರಲಿಲ್ಲ.

೯, ಸೋಮವಾರ. ಮಧ್ಯಾಹ್ನ

ಬಂದರು. ನಡೆದುಕೊಂಡು. ಮಲಕಮ್ಮ "ಬರ್ರಿ ಬೇಗಮ್ಮ, ಕುಂದರ್ರಿ" ಎಂದು ಸೀತನಿ ಕೊಟ್ಟಳು. ತಮ್ಮದೇ ಹೊಲದ ಜೋಳಕ್ಕೆ ಅತಿಥಿಯಂತೆ ಬೊಗಸೆಯೊಡ್ಡಿದರು.

"ಈ ಸಲ ತೆನಿ ಚಲೋ ತುಂಬ್ಯಾವ." ಆಮೇಲೆ ನನ್ನ ಕಡೆ ತಿರುಗಿ: "ನಾಳೆ ಪೇಶಿ ಅದ, ಮಾಸ್ತರ್ರ. ನಾ ಇಲ್ಲೇ ಇದ್ದೆ ಅಂತ ಒಂದ್ ಮಾತ್ ಹೇಳ್ರಿ. ಸಾಕು."

"ಬರ್ತೀನಿ" ಎಂದೆ.

ಅವರು ಹೋದಮೇಲೆ ಬಸವಂತರಾಯ ಬಹಳ ಹೊತ್ತು ಕೆಂಡ ಕೆದಕಿದ. "ಮುಂಜಾನೆ ಬಂಡಿ ಹೂಡ್ತೀನಿ. ಕಂಡದ್ದು ಹೇಳ್ರಿ. ಹೊಲ ಹೋದ್ರ ಹೋಗ್ಲಿ, ಕುರಿ ಅದಾವ ನಮಗ."

ತಡೆಯುತ್ತಾನೆಂದು ನಂಬಿಕೊಂಡಿದ್ದೆ.

೧೦, ಮಂಗಳವಾರ

ಬಂಡಿ ಸಿದ್ಧವಿತ್ತು. ಜ್ವರ ಎಂದೆ. ಬಸವಂತರಾಯ ಹಣೆ ಮುಟ್ಟಿ ನೋಡಿದ. ಕಂಬಳಿ ಹೊದಿಸಿ, ಎತ್ತು ಬಿಚ್ಚಲು ಹೋದ.

೧೬, ಸೋಮವಾರ. ರಂಗಂಪೇಟೆ

ಹೊಲ ಅವರಿಗೆ ಸಿಗಲಿಲ್ಲ. ನನ್ನ ಹೆಸರು ಮೂರು ಸಲ ಕೂಗಿದರಂತೆ.

ಸಂಜೆ ಬಾಗಿಲಲ್ಲೇ ಎದುರಾದರು. ನಾನು ಬಾಯಿ ತೆರೆಯುವ ಮೊದಲೇ: "ಬಸವಂತರಾಯ ಬಿಡ್ಲಿಲ್ಲ, ಹೌದಲ್ಲ? ಆಂವ ಬಂಡಿ ಕೊಡಂಗಿಲ್ಲ ಅಂತ ನನಗ ಅವತ್ತೇ ಅನಿಸಿತ್ತು. ನೀವರೆ ಏನ್ ಮಾಡ್ತೀರಿ, ಪಾಪ."

ತಲೆಯಾಡಿಸಿದೆ. ಹೌದು ಎಂಬಂತೆ.

ಅವನು ಎತ್ತು ಹೂಡಿ ನಿಂತಿದ್ದ. ಈಗಲೂ ಹೋಗಿ ಹೇಳಬಹುದು. ಪಕ್ಕದ ಬಾಗಿಲು, ಹತ್ತು ಹೆಜ್ಜೆ. ಇದಿಷ್ಟು ಬರೆದು ಮುಗಿಸಿ—