ನಮ್ಮ ಚೇಂಬರಿನ ಮೇಲೆ ರಸ್ತೆ ಹಾಕಿಸಿದ ಸಾಹೇಬರಿಗೆ

ಮಾನ್ಯ ಒಳಚರಂಡಿ ಅಧಿಕಾರಿಗಳೇ,

ಬೇಸಿಗೆಯಲ್ಲಿ ಕಲಬುರಗಿಯ ಶರಣಸಿರಸಗಿ ಕಡೆಯ ನಮ್ಮ ಬಡಾವಣೆಗೆ ನೀವು ಹಾಕಿಸಿದ ಕಾಂಕ್ರೀಟ್ ರಸ್ತೆ ಬಹಳ ಚೆನ್ನಾಗಿದೆ. ಅದರ ಕೆಳಗೆ ನನ್ನ ಮನೆಯ ಚೇಂಬರ್, ಅಂದರೆ ಮನೆಯ ಕೊಳಚೆ ಪೈಪು ಹೋಗಿ ಸೇರುವ ಗುಂಡಿ, ಇದೆ. ಮುಚ್ಚಳ ಸಮೇತ ಅದು ಹೂತುಹೋಗಿ, ತೆರೆದು ಶುಚಿ ಮಾಡಲಾಗದೆ, ಮೂರು ತಿಂಗಳಿಂದ ನನ್ನ ಶೌಚಾಲಯ ಬಂದ್ ಆಗಿದೆ.

ಮನೆಯೊಳಗಿನ ದೋಷವನ್ನು ಮಾಲೀಕರೇ ಸರಿಪಡಿಸಿಕೊಳ್ಳತಕ್ಕದ್ದು ಎಂದು ನನ್ನ ಮೊದಲ ದೂರಿಗೆ ನಿಮ್ಮ ಕಚೇರಿ ಅಪ್ಪಣೆ ಕೊಡಿಸಿತು. ಶಿರಸಾವಹಿಸಿದೆ. ಕಪನೂರದ ವರ್ಕ್‌ಶಾಪಿನಲ್ಲಿ ಇಪ್ಪತ್ತೆರಡು ವರ್ಷದಿಂದ ಪಂಪು ಬಿಚ್ಚಿ ಜೋಡಿಸುತ್ತಿರುವವನು ನಾನು. ಫ್ಲಶ್ ಟ್ಯಾಂಕಿನ ನೀರಿಗೆ ಕುಂಕುಮ ಕದಡಿ, ಫ್ಲಶ್ ಮಾಡದೆ ಕಾಲು ಗಂಟೆ ಕಾದೆ. ಕಮೋಡಿನ ನೀರು ಕೆಂಪಗಾಯಿತು. ಟ್ಯಾಂಕಿನ ತಳದ ರಬ್ಬರ್ ಸವೆದು ನೀರು ಸೋರುತ್ತಿತ್ತು, ಬದಲಾಯಿಸಿದೆ. ಆದರೂ ಫ್ಲಶ್ ಒತ್ತಿದರೆ ನೀರು ಇಳಿಯುವ ಬದಲು ಮೇಲೇರುತ್ತದೆ, ಪಕ್ಕದ ಬಚ್ಚಲಿನ ಜಾಲರಿ ಗುಳುಗುಳು ಎನ್ನುತ್ತದೆ. ಎರಡೂ ಕಡೆ ಒಟ್ಟಿಗೆ ಕಟ್ಟಿಕೊಂಡರೆ ತಪ್ಪು ಕಮೋಡಿನದಲ್ಲ, ಮುಂದಿನ ಪೈಪಿನದು. ಪ್ಲಂಬರ್ ಇನಾಯತ್ ಬಂದು ಒಳಗಿನಿಂದ ತಂತಿ ತಳ್ಳಿದ. ಹದಿನಾಲ್ಕು ಅಡಿಗೆ ಅದು ನಿಂತಿತು. ಅಷ್ಟೇ ಅಡಿ ಹೊರಗೆ ಅಳೆದು, ನಿಮ್ಮ ರಸ್ತೆಯ ಮೇಲೆ ನಿಂತು, “ಇಲ್ಲೇ ಅದ ನೋಡ್ರಿ. ಇದು ಒಡೀಬೇಕಂದ್ರ ಅವರ ಪರ್ಮಿಷನ್ ಬೇಕ್ರಿ” ಎಂದ.

ಎರಡನೇ ದೂರಿಗೆ ನಿಮ್ಮ ಸಿಬ್ಬಂದಿಯೊಬ್ಬರು ಬಂದರು. ಚೇಂಬರ್ ಎಲ್ಲಿದೆ ಎಂದು ಕೇಳಲಿಲ್ಲ, ಮನೆಯಲ್ಲಿ ಎಷ್ಟು ಮಂದಿ ಎಂದು ಕೇಳಿದರು. “ನಾ ಒಬ್ಬನೇ ಇದ್ದೀನ್ರಿ” ಎಂದೆ. ಸಂಜೆ ಮೊಬೈಲಿಗೆ ಸಂದೇಶ ಬಂತು: ಬಳಕೆದಾರರು ಒಬ್ಬರು, ತುರ್ತು ಇಲ್ಲ, ದೂರು ಮುಕ್ತಾಯ. ಪಕ್ಕದ ಮನೆಯ ದೌಲಪ್ಪ ನನ್ನನ್ನೇ ಬೈದರು, ಆರು ಮಂದಿ ಎನ್ನಬೇಕಿತ್ತಂತೆ. ಮಾನ್ಯರೇ, ಒಬ್ಬನೇ ಇರುವವನಿಗೆ ಹೊಟ್ಟೆ ಇರುವುದಿಲ್ಲವೇ? ಎಷ್ಟು ಜನ ಸೇರಿದರೆ ನಿಮ್ಮಲ್ಲಿ ಒಂದು ಅವಸರವಾಗುತ್ತದೆ? ವಾರವಿಡೀ ವರ್ಕ್‌ಶಾಪಿನ ಶೌಚಾಲಯ ನನ್ನ ಮಾನ ಕಾಪಾಡುತ್ತದೆ. ಭಾನುವಾರ ಶರಣಬಸವೇಶ್ವರ ಗುಡಿಯ ಕಡೆ ಹೋಗಿ, ಸಾರ್ವಜನಿಕ ಶೌಚಾಲಯದ ಸಾಲಿನಲ್ಲಿ ಯಾತ್ರಿಕರ ಜೊತೆ ನಿಲ್ಲುತ್ತೇನೆ. ಯಾವ ಊರಿನಿಂದ ಬಂದಿರಿ ಎಂದು ಅವರು ಕೇಳುತ್ತಾರೆ. ಇದೇ ಊರು ಎನ್ನಲು ನಾಚಿಕೆಯಾಗಿ ಚಿಂಚೋಳಿ ಎನ್ನುತ್ತೇನೆ. ರಜೆಯ ದಿನ ನನ್ನನ್ನು ಮಾತಾಡಿಸುವವರು ಅವರಷ್ಟೇ.

ನಾನು ಮದುವೆಯಾಗಲಿಲ್ಲ. ನನ್ನ ಮನೆಗೆ ಬಂದು ಉಳಿಯುವ ಜೀವ ಒಂದೇ, ಕಮಲಾಪುರದ ನನ್ನಕ್ಕ ಶಿವಕಾಂತಮ್ಮ. ತಿಂಗಳಿಗೊಮ್ಮೆ ಮೊಣಕಾಲು ತೋರಿಸಲು ಬಂದು ನಾಲ್ಕು ದಿನ ಇರುತ್ತಿದ್ದಳು. ಕುಕ್ಕರಗಾಲಲ್ಲಿ ಕೂರಲಾಗದ ಅವಳಿಗಾಗಿಯೇ ಕಮೋಡ್ ಹಾಕಿಸಿದ್ದು. ಆ ನಾಲ್ಕು ದಿನ ನನ್ನನ್ನು ಬೈದು ಉಣಿಸುವವರೊಬ್ಬರು ಇರುತ್ತಿದ್ದರು. ಮೊದಲ ತಿಂಗಳು ಸಂಕೋಚಕ್ಕೆ ಊರಲ್ಲಿಲ್ಲ ಎಂದು ಸುಳ್ಳು ಹೇಳಿದೆ. ಮರುತಿಂಗಳು ನಿಜ ಹೇಳಿದೆ, ಅವಳು ನಂಬಲಿಲ್ಲ. ಈ ತಿಂಗಳು ಫೋನಿನಲ್ಲಿ, “ಒಂದು ಸಂಡಾಸ ರಿಪೇರಿಗಿ ಮೂರು ತಿಂಗಳು ಬೇಕೇನೋ ತಮ್ಮಾ? ನಾ ಬರೋದು ಬ್ಯಾಡಾಗಿದ್ರ ಬಾಯಿಬಿಟ್ಟು ಹೇಳು” ಎಂದಳು. ಆಮೇಲೆ ನನ್ನ ಫೋನ್ ಎತ್ತುತ್ತಿಲ್ಲ. ಈ ಸಲ ಬೆಳಿಗ್ಗೆ ಕಲಬುರಗಿಗೆ ಬಂದು, ಡಾಕ್ಟರನ್ನು ಕಂಡು, ಮಧ್ಯಾಹ್ನದ ಬಸ್ಸಿಗೆ ಆ ಕಾಲಲ್ಲೇ ಹಿಂತಿರುಗಿದಳೆಂದು ಅವಳ ಸೊಸೆ ಕಸ್ತೂರಿ ತಿಳಿಸಿದಳು. ನನಗೆ ಬಹಳ ಒಂಟಿ ಎನಿಸುತ್ತಿದೆ, ಸಾಹೇಬರೇ. ಇದಕ್ಕೆ ನಿಮ್ಮ ಅರ್ಜಿಯಲ್ಲಿ ಕಾಲಂ ಇಲ್ಲವೆಂದು ಗೊತ್ತಿದ್ದೂ ಬರೆಯುತ್ತಿದ್ದೇನೆ.

ರಸ್ತೆಯನ್ನು ಎರಡಡಿ ಕತ್ತರಿಸಿ, ಕಟ್ಟಿಕೊಂಡಿದ್ದನ್ನು ತೆಗೆಸಿ, ಮುಚ್ಚಳವನ್ನು ರಸ್ತೆಯ ಮಟ್ಟಕ್ಕೆ ತನ್ನಿ. ಕಡತ ಮೇಲಿನ ಕಚೇರಿಗೆ ಹೋಗಬೇಕು ಎನ್ನುವಿರಾದರೆ, ಅದು ಹೋಗಿ ಬರುವವರೆಗೆ ನಿಮ್ಮ ಸಹಿ, ಮೊಹರು ಹಾಕಿದ ಒಂದು ಪ್ರಮಾಣಪತ್ರ ಕೊಡಿ. ಈತನ ಶೌಚಾಲಯ ನಿಜವಾಗಿಯೂ ಕೆಟ್ಟಿದೆ, ಈತ ನೆವ ಹೇಳುತ್ತಿಲ್ಲ ಎಂದು ಅದರಲ್ಲಿ ಬರೆಯಿರಿ. ತಮ್ಮನನ್ನು ನಂಬದ ಅಕ್ಕ ಸರ್ಕಾರಿ ಮೊಹರನ್ನಾದರೂ ನಂಬಿಯಾಳು. ಅದನ್ನು ಹಿಡಿದುಕೊಂಡು ಕಮಲಾಪುರಕ್ಕೆ ನಾನೇ ಹೋಗುತ್ತೇನೆ, ಬರಿಗೈಯಲ್ಲಿ ಅವಳ ಬಾಗಿಲು ತಟ್ಟುವ ಧೈರ್ಯ ನನಗಿಲ್ಲ.

ಇಂತಿ,
ಅಕ್ಕ ಒಪ್ಪಿದರೆ ಶಿವಕಾಂತಮ್ಮನ ತಮ್ಮ,
ಶಿವಶರಣ