ವಾಚು ಮಾಡಿದ್ದು ಯಾರು ಎಂಬ ಮಾತು

ಭಾನುವಾರ, 16 ನವೆಂಬರ್ 2025

ಬೆಂಗಳೂರಿನಿಂದ ಸಂತೇಬೆನ್ನೂರಿನ ಮನೆ ಸೇರುವವರೆಗೂ ಮಾವ ನನ್ನ ಕಡೆ ತಿರುಗಿಯೂ ನೋಡಲಿಲ್ಲ.

ಕಂಪನಿಗಳ ಹಂಗಿಲ್ಲದೆ ಕೈಯಾರೆ ವಾಚು ಮಾಡುವವರನ್ನು ನೋಡಬೇಕೆಂದೇ ಇಬ್ಬರೂ ವಾಚು ಮೇಳಕ್ಕೆ ಹೋಗಿದ್ದೆವು. ಎರಡು ವರ್ಷ ಕೂತು ನಾನು ಮಾಡಿದ ವಾಚು ಪರ್ಸಿನಲ್ಲಿತ್ತು. ರಘೋತ್ತಮ್ ಎಂಬ ವಾಚು ತಯಾರಕರ ಮೇಜಿನೆದುರು ಅದನ್ನು ಹೊರತೆಗೆದೆ. ಮಾವ ಕೈಚಾಚಿ ತೆಗೆದುಕೊಂಡುಬಿಟ್ಟರು.

"ನಾನೇ ಮಾಡಿದ್ದು ಸಾರ್. ನಲವತ್ತು ವರ್ಷದಿಂದ ರಿಪೇರಿ ಅಂಗಡಿ ಐತೆ."

ಸೊಸೆಯಾಗಿ ಬಂದ ನನಗೆ ಈ ಕೆಲಸ ಕಲಿಸಿದವರೇ ಅವರು. ನಾಲ್ಕು ಜನರೆದುರು ಸುಳ್ಳು ಎನ್ನುವುದು ಹೇಗೆ?

ರಘೋತ್ತಮ್ ಹಿಂದಿನ ಮುಚ್ಚಳ ಬಿಚ್ಚಿ, ಕಣ್ಣಿಗೆ ಭೂತಗನ್ನಡಿ ಇಟ್ಟು ಬಹಳ ಹೊತ್ತು ನೋಡಿದರು.

"ಈ ಚಕ್ರದ ಹಲ್ಲು ಹೇಗೆ ಕೊರೆದಿರಿ?"

ಮಾವ ಸ್ಕ್ರೂ ಹಿಡಿಯಲೂ ಆಗದಂತೆ ನಡುಗುವ ಕೈಯನ್ನು ಜೇಬಿಗೆ ತುರುಕಿಕೊಂಡರು.

"ಹೊಲಿಗೆ ಮಿಷಿನ್ ಮೋಟರಿಗೆ ಬ್ಲೇಡು ಕಟ್ಟಿ, ಒಂದೊಂದೇ ಹಲ್ಲು ಕೊರೆದೆ ಸಾರ್," ಎಂದುಬಿಟ್ಟೆ. "ಮಾಡಿದ್ದು ನಾನು."

ಮುಂದಿನ ವರ್ಷ ತಮ್ಮ ಮೇಜಿನಲ್ಲೇ ನನ್ನ ವಾಚು ಇಡುವುದಾಗಿ ಹೇಳಿ ರಘೋತ್ತಮ್ ನನ್ನ ಹೆಸರು ಬರೆದುಕೊಂಡರು. ತಿರುಗಿ ನೋಡಿದರೆ ಮಾವ ಇರಲಿಲ್ಲ. ಹೊರಗೆ ಬಿಸಿಲಲ್ಲಿ ನಿಂತಿದ್ದರು.

ಈಗ ಊಟಕ್ಕೆ ಕೂತಾಗ ತಲೆ ತಗ್ಗಿಸಿಯೇ ಅಂದರು: "ಕಲ್ಪನಾ, ಒಂದ್ ಸಲನಾದ್ರೂ ಯಾರಾದ್ರೂ ನನ್ನ ಕೆಲಸ ಚಲೋ ಐತೆ ಅನ್ಲಿ ಅನ್ನಿಸ್ತಮ್ಮ. ತಪ್ಪಾತು."

ಹೋಗಲಿ ಬಿಡ್ರಿ ಮಾವ ಎನ್ನಬೇಕಿತ್ತು. "ಹೂಂ, ತಪ್ಪೇ" ಎಂದೆ. ಅನ್ನ ಬಿಟ್ಟು ಎದ್ದು ಹೋದರು. ನಾನು ಹೇಳಿದ್ದು ನಿಜವೇ. ಆದರೂ ಯಾಕೋ ಅವರು ಬಿಟ್ಟುಹೋದ ತಟ್ಟೆ ಎತ್ತಲು ಮನಸ್ಸು ಬರುತ್ತಿಲ್ಲ.